ಉಪ್ಪು ಹಾಕದ ಮಜ್ಜಿಗೆ

ಕಳೆದ ಡಿಸೆಂಬರ್‌ನ ಮೊದಲ ಭಾನುವಾರ ಬೆಳಿಗ್ಗೆ, ರಾಜಾಜಿನಗರದ ನಮ್ಮ ಮನೆಯ ಕಾಂಪೌಂಡಿಗೆ ಹಬ್ಬಿದ್ದ ಸಿಹಿಗುಂಬಳದ ಬಳ್ಳಿಗೆ ಬೂದಿ ರೋಗ ಬಂದಿರುವುದು ಕಂಡಿತು. ನಾಲ್ಕು ಎಲೆಗಳ ಮೇಲೆ ಮೈದಾ ಜರಡಿ ಹಿಡಿದ ಹಾಗೆ ಬಿಳಿ ಪುಡಿ. ಬಳ್ಳಿಯಲ್ಲಿ ಉಳಿದಿದ್ದದ್ದು ಒಂದೇ ಕಾಯಿ, ಮುಷ್ಟಿಯಷ್ಟು.

ಆ ಕಾಯಿಯ ವಿಷಯ ಬೀದಿಗೆಲ್ಲ ಗೊತ್ತಿತ್ತು. ಈ ಸಂಕ್ರಾಂತಿಗೆ ಕುಂಬಳಕಾಯಿ ಪಲ್ಯ ನಮ್ಮ ಬಳ್ಳಿಯದೇ ಎಂದು ಅಮ್ಮ ತಳ್ಳುಗಾಡಿಯ ತರಕಾರಿಯವನಿಗೆ, ಗಾಡಿಯ ಸುತ್ತ ನಿಂತವರೆಲ್ಲರ ಎದುರು, ಹೇಳಿಬಿಟ್ಟಿದ್ದರು. ಆ ಭಾನುವಾರ ಅವನು ಗೇಟಿನಾಚೆಯಿಂದ ಬಗ್ಗಿ ಎಲೆಗಳನ್ನು ನೋಡಿದ.

“ಅಮ್ಮಾ, ಯಾವುದಕ್ಕೂ ಒಂದು ಕಾಯಿ ಎತ್ತಿಡ್ಲಾ?”

“ನಿನ್ನ ಗಾಡೀದು ನೀನೇ ತಿನ್ನಪ್ಪ,” ಎಂದರು ಅಮ್ಮ.

ತಿನ್ನುವ ಕಾಯಿಗೆ ಅಂಗಡಿಯ ಔಷಧಿ ಬೇಡ ಎಂಬುದು ಅವರ ಷರತ್ತು. ಕುರುಬರಹಳ್ಳಿ ಕಡೆಯ ನರ್ಸರಿಯೊಂದರಲ್ಲಿ ಕೇಳಿದೆ. ಹುಳಿ ಮಜ್ಜಿಗೆ ಒಂದು ಪಾಲು, ನೀರು ಹತ್ತು ಪಾಲು, ಬೆಳಿಗ್ಗೆ ಎಲೆಯ ಎರಡೂ ಬದಿಗೆ ಸಿಂಪಡಿಸಿ ಎಂದರು. ಅಮ್ಮ ಆ ವಾರ ಅಕ್ಕನ ಮನೆಗೆ ಹೋಗಿದ್ದರು. ಫ್ರಿಜ್‌ನಲ್ಲಿ ಚೊಂಬಿನ ತುಂಬ ಮಜ್ಜಿಗೆ ಇತ್ತು. ರೋಗ ಜೋರಾಗಿದೆ ಎಂದು ನೀರನ್ನು ಸಮಪಾಲು ಮಾತ್ರ ಬೆರೆಸಿದೆ. ಸ್ಪ್ರೇ ಬಾಟಲಿಯ ಮೂತಿ ಕಟ್ಟದಿರಲೆಂದು ಕರಿಬೇವಿನ ಚೂರುಗಳನ್ನು ಟೀ ಸೋಸುವ ಜಾಲರಿಯಲ್ಲಿ ತೆಗೆದೆ. ಮೂರು ಬೆಳಿಗ್ಗೆ ಹೊಡೆದೆ. ನಾಲ್ಕನೆಯ ದಿನ ಎಲೆಗಳ ಅಂಚು ಕಂದಿತ್ತು.

ಅಮ್ಮ ಬಂದವರೇ ಒಂದು ಎಲೆ ಮೂಸಿದರು.

“ಏನೋ ಇದು, ಇಂಗಿನ ವಾಸನೆ?”

“ಮಜ್ಜಿಗೆ ಹೊಡೆದೆ.”

“ಯಾವ ಮಜ್ಜಿಗೆ?”

“ಫ್ರಿಜ್ಜಲ್ಲಿತ್ತಲ್ಲ, ಅದೇ.”

“ಅದಕ್ಕೆ ಉಪ್ಪು, ಇಂಗು, ಶುಂಠಿ ಎಲ್ಲಾ ಹಾಕಿದ್ನಲ್ಲೋ! ಒಗ್ಗರಣೆ ಒಂದು ಯಾಕೆ ಬಿಟ್ಟೆ?”

ನಮ್ಮ ಮನೆಯಲ್ಲಿ ಮೊಸರು ಕಡೆದ ಪಾತ್ರೆಗೇ ಉಪ್ಪು ಬೀಳುತ್ತದೆ. ಉಪ್ಪಿಲ್ಲದ ಮಜ್ಜಿಗೆ ನಾನು ಕಂಡಿರಲಿಲ್ಲ.

ಆ ಬೆಳಿಗ್ಗೆಯೇ ಇಡೀ ಬಳ್ಳಿಯನ್ನು ಬರಿ ನೀರಿನಲ್ಲಿ ತೊಳೆದೆವು. ತೀರಾ ಕೆಟ್ಟಿದ್ದ ಆರು ಎಲೆ ಕತ್ತರಿಸಿ ಕಸಕ್ಕೆ ಹಾಕಿದೆವು. ಇರುವೆಗಳ ಸಾಲು ಹಿಡಿದು ನೋಡಿದರೆ ಎಲೆಗಳ ಅಡಿಯಲ್ಲಿ ರಸ ಹೀರುವ ಹಸಿರು ಹೇನು. ಅದಕ್ಕೆ ಸಂಜೆ ಹೊತ್ತು ಅಂಟುವಾಳದ ನೀರಿಗೆ ನಾಲ್ಕು ಹನಿ ಬೇವಿನ ಎಣ್ಣೆ ಕಲಸಿ ಹೊಡೆದೆವು. ಒಂದು ಲೋಟ ಮಜ್ಜಿಗೆಯನ್ನು ಅಮ್ಮ ಉಪ್ಪು ಹಾಕದೆ, ಮೂರು ದಿನ ಹೊರಗಿಟ್ಟು ಹುಳಿ ಬರಿಸಿದರು. ಹತ್ತು ಪಾಲು ನೀರನ್ನು ಅವರೇ ಅಳೆದು ಹಾಕಿದರು. ಲೋಟಕ್ಕೆ ಚೀಟಿ ಅಂಟಿಸಿದ್ದರು: “ಬಳ್ಳಿಗೆ. ಕುಡಿಯಬೇಡ.”

ವಾರಕ್ಕೆ ಎರಡು ಸಲ ಹೊಡೆದೆವು. ಹಳೆಯ ಎಲೆಗಳ ಕಲೆ ಹೋಗಲಿಲ್ಲ. ಕ್ರಿಸ್‌ಮಸ್ ಹೊತ್ತಿಗೆ ಬಂದ ಹೊಸ ಎಲೆಗಳಲ್ಲಿ ಬಿಳಿ ಇರಲಿಲ್ಲ. ಕಾಯಿ ತೆಂಗಿನಕಾಯಿಯ ಗಾತ್ರ ದಾಟಿತು.

ಸಂಕ್ರಾಂತಿಯ ಹಿಂದಿನ ದಿನ ಗಾಡಿಯವನು ಗೇಟಿನ ಮುಂದೆ ನಿಂತು, ಎತ್ತಿಟ್ಟಿದ್ದ ಕಾಯಿಯನ್ನು ತೋರಿಸಿದ. ಅಮ್ಮ ಒಳಗಿಂದ ತಮ್ಮ ಕಾಯಿ ತಂದು ಅವನ ತಕ್ಕಡಿಯಲ್ಲೇ ಇಟ್ಟರು.

“ಎರಡು ಕೆಜಿ ಮೇಲಿದೆ ಅಮ್ಮಾ. ಮಾರ್ತೀರಾ?”

“ನಿನ್ನ ಗಾಡಿ ತಡೆಯಲ್ಲ ಬಿಡು. ನಾಳೆ ಬಾ, ಪಲ್ಯ ಕೊಡ್ತೀನಿ.”

ಮರುದಿನ ಅವನು ಡಬ್ಬಿ ತಂದಿದ್ದ. ನಮ್ಮ ಕಾಯಿಯಿಂದ ತೆಗೆದು, ತೊಳೆದು ಒಣಗಿಸಿಟ್ಟ ಬೀಜಗಳಲ್ಲಿ ಹತ್ತನ್ನು ಅಮ್ಮ ಹೋದ ವಾರ ಕುಂಡಕ್ಕೆ ಹಾಕಿದರು. ಇವತ್ತು ಬೆಳಿಗ್ಗೆಯವರೆಗೆ ಏಳು ಮೊಳೆತಿವೆ.