ಕಾಯಿ ಬಲಿಯುವವರೆಗೆ

ವಿಜ್ಞಾನದ ಮೇಷ್ಟ್ರ ಬಲಗೈ ಹೆಬ್ಬೆರಳಿನ ಉಗುರು ಸದಾ ಹಸಿರಾಗಿರುತ್ತಿತ್ತು. ಹಳ್ಳದ ಬಂಡೆಗೆ ಅಂಟಿದ ಗಿಡಗಳನ್ನು ಆ ಉಗುರಿನಿಂದಲೇ ಕೆರೆದು ತೆಗೆಯುತ್ತಿದ್ದರು. ಕಳಸದ ಶಾಲೆಯಲ್ಲಿ ನಾನು ಕನ್ನಡ ಹೇಳಿಕೊಡುತ್ತಿದ್ದೆ, ಅವರದು ಪಕ್ಕದ ಕೋಣೆ. ಬುತ್ತಿ ಬಿಚ್ಚುವಾಗ, "ಇವತ್ತೂ ಪಾಚಿ ಪಲ್ಯವಾ?" ಎಂದು ನಾನು ಛೇಡಿಸಿದರೆ, "ಪಾಚಿ ಅಲ್ಲ ಮಾರಾಯ್ರೆ, ಇದು ಹೂ ಬಿಡೋ ಜಾತಿ" ಎಂದು ರೇಗುತ್ತಿದ್ದರು.

ಮಳೆಗಾಲವೆಲ್ಲ ನೀರಿನಡಿ ಪಾಚಿಯಂತೆಯೇ ಇರುವ ಆ ಗಿಡ, ಚಳಿಗಾಲದಲ್ಲಿ ನೀರು ಇಳಿದು ಬಂಡೆ ಹೊರಬಿದ್ದಾಗ ಮಾತ್ರ ಹೂ ಬಿಡುತ್ತದೆ. ಅದರಲ್ಲೂ ಇದು ಇಂಥದೇ ಎಂದು ಹೆಸರಿಸಲು ಬಲಿತ ಕಾಯಿಯ ಮೇಲಿನ ಗೆರೆಗಳನ್ನು ನೋಡಬೇಕಂತೆ. ಕಿತ್ತು ಮನೆಗೆ ತಂದರೆ ಬಲಿಯದೆ ಬಾಡುತ್ತಿತ್ತು. ಅಲ್ಲೇ ಬಿಡೋಣವೆಂದರೆ, ಸರಿಯಾಗಿ ಅದೇ ಹೊತ್ತಿಗೆ ತೋಟದವರು ಕಾಫಿ ಸಸಿಗಳಿಗೆ ನೀರು ತಿರುಗಿಸಲು ಕಲ್ಲು, ಮಣ್ಣು, ಸೊಪ್ಪು ತುಂಬಿ ಹಳ್ಳಕ್ಕೆ ಕಟ್ಟ ಹಾಕುತ್ತಿದ್ದರು. ಬಂಡೆ ಮತ್ತೆ ಮುಳುಗುತ್ತಿತ್ತು. ವರ್ಷ ವರ್ಷವೂ ಇದೇ ಪಾಡು.

ಯುದ್ಧದ ಕಾಲದ ಒಂದು ಚಳಿಗಾಲ ಮೇಷ್ಟ್ರು ನನ್ನನ್ನೂ ಕರೆದುಕೊಂಡು ತೋಟದ ಸಾಹುಕಾರರ ಬಳಿ ಹೋದರು.

"ಕಟ್ಟ ಹಾಕೋದು ಒಂದ್ ವಾರ ತಡೀಬಹುದಾ? ಕಾಯಿ ಬಲೀಲಿ."

ಸಾಹುಕಾರರು ನಗಲಿಲ್ಲ. ಕಾಫಿ ಕೊಟ್ಟು, ಸಸಿಮಡಿಗೆ ಕರೆದೊಯ್ದರು. ಎಲೆಗಳೆಲ್ಲ ಜೋತುಬಿದ್ದಿದ್ದವು. "ನೀವೇ ಹೇಳಿ ಮೇಷ್ಟ್ರೇ, ಇವು ಒಂದ್ ವಾರ ತಡೀತಾವಾ?"

ಮೇಷ್ಟ್ರು ಬಗ್ಗಿ ಎಲೆಯೊಂದನ್ನು ಮುಟ್ಟಿ ನೋಡಿದರು. "ಇಲ್ಲ, ತಡಿಯಲ್ಲ. ಇವತ್ತೇ ನೀರು ಬಿಡಿ" ಎಂದುಬಿಟ್ಟರು. ನನಗೆ ಮೈಯುರಿಯಿತು. ಬೇಡಲು ಬಂದವರು ಇನ್ನೊಂದು ಮಾತು ಬೇಡಬಾರದೆ? ಸಂಜೆ ಹಳ್ಳದ ದಡದಲ್ಲಿ ಇಬ್ಬರೂ ನಿಂತು, ನೀರು ಏರಿ ಹೂಗಳನ್ನು ಮುಚ್ಚುವುದನ್ನು ನೋಡಿದೆವು. ಮಾಡುವುದಕ್ಕೆ ಏನೂ ಇರಲಿಲ್ಲ.

ಮರುವರ್ಷ ಮಳೆ ಹಿಂದೆಗೆಯುವಾಗ ಅವರಿಗೆ ಚಳಿಜ್ವರ ಹಿಡಿಯಿತು. ಯುದ್ಧದಿಂದಾಗಿ ಕ್ವಿನೈನ್ ಸಿಗುತ್ತಿರಲಿಲ್ಲ. ಆಲ್ದೂರಿನವರೆಗೂ ಅಲೆದು ಬರಿಗೈಯಲ್ಲಿ ಬಂದೆ. ಕಂಬಳಿಯೊಳಗೆ ಗಡಗಡ ನಡುಗುತ್ತಲೇ ಅವರು ಕೇಳಿದ್ದು ಔಷಧಿಯನ್ನಲ್ಲ. "ಹಳ್ಳ ಇಳೀತಾ?"

"ಇನ್ನೂ ಇಲ್ಲ ಮೇಷ್ಟ್ರೇ."

ಬಂಡೆ ಹೊರಬೀಳುವ ಮೊದಲೇ ತೀರಿಕೊಂಡರು.

ಆ ಚಳಿಗಾಲ ಹಳ್ಳಕ್ಕೆ ಕಟ್ಟ ಬೀಳಲಿಲ್ಲ. ದಾರಿಯಲ್ಲಿ ಸಿಕ್ಕ ಸಾಹುಕಾರರು, "ಸಸಿಮಡಿನ ಬಾವಿ ಹತ್ರಕ್ಕೆ ಹಾಕಿಸ್ದೆ. ಮೇಷ್ಟ್ರಿಗೆ ಹೇಳಬೇಕು ಅಂತಿದ್ದೆ" ಎಂದು ಮುಖ ತಿರುಗಿಸಿದರು.

ನಾನು ಒಬ್ಬನೇ ಹಳ್ಳಕ್ಕೆ ಹೋದೆ. ಬಂಡೆಯ ತುಂಬ ಕಾಯಿಗಳು ಬಲಿತು ಕಂದು ಬಣ್ಣಕ್ಕೆ ತಿರುಗಿದ್ದವು. ಒಂದಿಷ್ಟು ಕಿತ್ತು ಕಣ್ಣಿನ ಹತ್ತಿರ ಹಿಡಿದೆ. ಗೆರೆಗಳು ಕಂಡವು. ಅವು ಏನು ಹೇಳುತ್ತವೆಂದು ನನಗೆ ಗೊತ್ತಿರಲಿಲ್ಲ. ಅಲ್ಲೇ ಕೂತು ಅತ್ತುಬಿಟ್ಟೆ.