ಗುದ್ದಲಿ ಇಳಿಯದ ದಿನ

ನನ್ನ ಹೆಂಡತಿ ಹತ್ತನೇ ತರಗತಿ ಪಾಸಾದವಳು. ನಾನು ಆರನೇ ತರಗತಿಗೆ ಶಾಲೆ ಬಿಟ್ಟವನು. ಮದುವೆಯಾದ ಹೊಸತರಲ್ಲಿ ಇದನ್ನು ಆಡಿಕೊಂಡವರಿದ್ದರು. ನಾನು ಮಾತಿಗೆ ಮಾತು ಕೊಡುತ್ತಿರಲಿಲ್ಲ. ಕೊರಟಗೆರೆಯಿಂದ ಬರಗೂರಿನವರೆಗೆ ನಾನು ತೋಡಿದ ಬಾವಿಗಳಿದ್ದವು, ಬೇಕಾದವರು ಹೋಗಿ ಬಗ್ಗಿ ನೋಡಲಿ ಎಂದುಕೊಂಡಿದ್ದೆ. ಇಪ್ಪತ್ತೈದನೇ ವಯಸ್ಸಿಗೆಲ್ಲ ಹನ್ನೆರಡು ಆಳಿನ ತಂಡಕ್ಕೆ ಮೇಸ್ತ್ರಿ ನಾನು. ನೆಲ ನೋಡಿ ಇಷ್ಟು ಅಡಿಗೆ ಇಷ್ಟು ದಿನ ಎಂದರೆ ಅಷ್ಟೇ ದಿನ.

ಎಂಬತ್ತರ ದಶಕದ ಮೊದಲ ವರ್ಷಗಳು. ದಾದಿಯರ ತರಬೇತಿಗೆ ಅರ್ಜಿ ಕರೆದಿದ್ದಾರೆಂದು ಅವಳ ಅಣ್ಣ ಪೇಪರಿನ ತುಂಡೊಂದನ್ನು ತಂದುಕೊಟ್ಟ. ಸೇರಲು ಪರೀಕ್ಷೆ ಬರೆಯಬೇಕಿತ್ತು. ಒಂದೊಂದು ಪ್ರಶ್ನೆಗೂ ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಸರಿಯಾದದ್ದಕ್ಕೆ ಗುರುತು ಹಾಕಬೇಕು. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತಿತ್ತು. ಹಾಗಾಗಿ ಅದೊಂದೇ ಸಲ.

ಮಿಕ್ಕ ಲೆಕ್ಕವೆಲ್ಲ ಅವಳಿಗೆ ಬರುತ್ತಿತ್ತು, ಸರಾಸರಿ ಮಾತ್ರ ತೊಡಕು. ಹಿಂದಿನ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದರು. ಅವರನ್ನು ಕೇಳಿ ಬರುತ್ತೇನೆ ಎಂದಳು.

"ಯಾಕೆ, ಮನೇಲಿ ಮೇಸ್ತ್ರಿ ಇಲ್ವಾ?" ಎಂದೆ. "ವಾರಕ್ಕೆ ಎಷ್ಟಡಿ ಇಳಿದ್ವೋ ಎಲ್ಲಾ ಕೂಡು, ದಿನದಿಂದ ಭಾಗಿಸು. ಸರಾಸರಿ ಅಂದ್ರೆ ಅಷ್ಟೇ ಕಣೇ. ನಾನು ವಾರವಾರ ಮಾಡಾದೇ ಅದು."

"ಆಗ್ಲಿ ಮೇಷ್ಟ್ರೇ," ಎಂದು ನಕ್ಕಳು. "ತಪ್ಪಾದ್ರೆ ಬೆಂಚಿನ ಮ್ಯಾಲೆ ನಿಲ್ಲಿಸ್ಬುಟ್ಟೀರ!"

ದಿನಾ ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಒಲೆಯ ಮುಂದೆ ಕೂತು ಹೇಳಿಕೊಟ್ಟೆ. ಅವಳು ಮುದ್ದೆ ತಿರುವುತ್ತಲೇ ಬಾಯಿಲೆಕ್ಕ ಹಾಕುವಷ್ಟಾದಳು. ಹದಿನೈದು ದಿನವಾದ ಮೇಲೆ ಲೆಕ್ಕವೊಂದರಲ್ಲಿ ಸೊನ್ನೆ ಬಂತು. ಐದು ದಿನದ ಮಳೆಯ ಲೆಕ್ಕ, ಒಂದು ದಿನ ಮಳೆಯೇ ಇಲ್ಲ. ಹಳೆಯ ಗೈಡು, ಉತ್ತರದ ಹಾಳೆ ಕಿತ್ತುಹೋಗಿತ್ತು.

"ಇದ್ನೂ ಒಂದು ದಿನ ಅಂತ ಹಿಡೀಬೇಕಾ?"

"ಬ್ಯಾಡ. ಗುದ್ದಲಿ ಇಳೀದಿದ್ ದಿನ ದಿನಾನೇ ಅಲ್ಲ."

ಇದು ನಮ್ಮ ತಂಡದ ಕಟ್ಟಳೆ. ಬಂಡೆ ಸಿಡಿಸಲು ಕುಳಿ ಹೊಡೆದು ಮದ್ದು ತುಂಬುವ ದಿನ ಬಾವಿ ಒಂದಂಗುಲವೂ ಆಳವಾಗುವುದಿಲ್ಲ. ಅಂಥ ದಿನಗಳನ್ನು ಬದಿಗಿಟ್ಟು, ನೆಲ ಇಳಿದ ದಿನಗಳಿಂದ ಮಾತ್ರ ಭಾಗಿಸುತ್ತಿದ್ದೆವು. ಮದ್ದಿನ ದಿನಗಳನ್ನು ಕೊನೆಗೆ ಬೇರೆಯಾಗಿ ಸೇರಿಸುತ್ತಿದ್ದೆವು. ಹಾಗೆ ಹಾಕಿದ ಅಂದಾಜು ನನ್ನ ಕೈಯಲ್ಲಿ ಎಂದೂ ತಪ್ಪಿರಲಿಲ್ಲ.

"ಮೇಷ್ಟ್ರನ್ನ ಒಂದ್ ಮಾತು ಕೇಳ್ಬುಡಾನಾ?" ಎಂದಳು.

"ಮೇಷ್ಟ್ರು ಎಷ್ಟು ಬಾವಿ ತೋಡವ್ರೆ?"

ಅವಳು ಮತ್ತೆ ಕೇಳಲಿಲ್ಲ. ನಾಲ್ಕರಿಂದ ಭಾಗಿಸಿ ಉತ್ತರ ಬರೆದಳು.

ಪರೀಕ್ಷೆ ಮಧುಗಿರಿಯಲ್ಲಿ ಆಯಿತು. ತಿಂಗಳ ಮೇಲೆ ಪಟ್ಟಿ ಹಾಕಿದ್ದಾರೆಂದು ತಿಳಿದು ಇಬ್ಬರೂ ಹೋದೆವು. ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಆಯ್ಕೆಯಾದವರ ಹೆಸರು, ಪಕ್ಕದಲ್ಲಿ ಅಂಕ. ಗೆರೆ ಎಳೆದು, ಗೆರೆಯ ಕೆಳಗೆ ಉಳಿದವರನ್ನು ಬರೆದಿದ್ದರು. ಕೆಳಗಿನ ಮೊದಲ ಹೆಸರು ಅವಳದು. ಗೆರೆಯ ಮೇಲಿನ ಕೊನೆಯವಳಿಗಿಂತ ಒಂದು ಅಂಕ ಕಡಿಮೆ.

ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಾಗ ಅವಳು ಹೇಳಿದಳು.

"ಆಸ್ಪತ್ರೆ ಲೆಕ್ಕ ಒಂದು ಕೊಟ್ಟಿದ್ರು. ಆರು ದಿನದಾಗೆ ಹುಟ್ಟಿದ ಕೂಸುಗಳು. ಏಳು, ಐದು, ಸೊನ್ನೆ, ಎಂಟು, ನಾಕು, ಆರು. ಒಟ್ಟು ಮೂವತ್ತು. ಉತ್ತರದಾಗೆ ಐದೂ ಇತ್ತು, ಆರೂ ಇತ್ತು. ಮೊದ್ಲು ಐದಕ್ಕೇ ಗುರುತು ಹಾಕಿದ್ದೆ. ಆಮ್ಯಾಕೆ ನೀವು ಹೇಳಿದ್ದು ಜ್ಞಾಪಕಕ್ಕೆ ಬಂತು. ಅಳಿಸಿ ಆರಕ್ಕೆ ಹಾಕ್ಬುಟ್ಟೆ."

ನಾನು ಅವಳ ಕಡೆ ತಿರುಗಿದೆ.

"ಪರೀಕ್ಷೆ ಮಾರನೇ ದಿನ ಮೇಷ್ಟ್ರನ್ನ ಕೇಳ್ದೆ. ಐದೇ ಸರಿ ಅಂದ್ರು." ದನಿಯಲ್ಲಿ ಸಿಟ್ಟಿರಲಿಲ್ಲ. "ಸರಿನೇ ಅಲ್ವಾ? ಹೆರಿಗೆ ಆಗ್ದಿದ್ ದಿನಾನೂ ದಾದಿ ಅಲ್ಲೇ ಕುಂತಿರ್ತಾಳೆ."

ಒಂದು ತಿಂಗಳು ಅವಳು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ನನಗೆ ಆಗ ಏನೂ ಅನ್ನಿಸಲಿಲ್ಲ. ಶಿರಾ ಬಸ್ಸಿನ ಕಂಡಕ್ಟರ್ ಊರುಗಳ ಹೆಸರು ಕೂಗುತ್ತಿದ್ದ. ನಮ್ಮಿಬ್ಬರ ನಡುವೆ ಕಡಲೆಕಾಯಿ ಪೊಟ್ಟಣವಿತ್ತು. ಒಂದೊಂದೇ ಸುಲಿದು ತಿಂದೆ. ಪೊಟ್ಟಣ ಖಾಲಿಯಾದದ್ದು ಬೆರಳಿಗೆ ಕಾಗದ ತಾಗಿದಾಗ ಗೊತ್ತಾಯಿತು. ನಮ್ಮ ಬಸ್ಸು ಬಂತು, ಹತ್ತಿದೆವು. ದಾರಿಯಲ್ಲಿ ಅವಳು ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡಿದಳು. ಅಥವಾ ಕಣ್ಣು ಮುಚ್ಚಿಕೊಂಡಿದ್ದಳು.

ಆ ವಾರವೇ ಪಾವಗಡದ ಕಡೆ ಹೊಸ ಬಾವಿ ಹಿಡಿದೆವು. ತಂಡ ಅಲ್ಲೇ ಗುಡಿಸಲು ಹಾಕಿಕೊಂಡಿತು. ಅವಳೂ ಬಂದಳು, ಅಡುಗೆ ಅವಳದು. ಎರಡನೆಯ ದಿನ ಊಟಕ್ಕೆ ಕೂತಾಗ ಆಂಧ್ರ ಗಡಿಯಾಚೆಯ ಹಿರಿಯಾಳೊಬ್ಬ ತನ್ನ ತೆಲುಗು ಬೆರಕೆ ಮಾತಲ್ಲಿ ಕೇಳಿದ. "ಏಮಿ ಮೇಸ್ತ್ರಿ, ನಮ್ಮ ಮೇಸ್ತ್ರಮ್ಮಗೆ ಸೀಟು ಸಿಕ್ತಾ? ನಾನು ಸೂಜಿ ಚುಚ್ಚಿಸ್ಕಳಾಕೆ ತೋಳು ತೊಳ್ಕಂಡು ಕಾಯ್ತಾ ಇವ್ನಿ!"

"ಅಷ್ಟ್ ದಪ್ಪ ಚರ್ಮಕ್ಕೆ ಸೂಜಿ ಅಲ್ಲ ಕಣಣ್ಣ, ಮದ್ದಿನ ಕುಳಿ ಹೊಡೀಬೇಕು," ಎಂದು ಇನ್ನೊಬ್ಬ ನಗಿಸಿದ. ನಕ್ಕು ಮುಗಿದ ಮೇಲೆ ಎಲ್ಲರೂ ನನ್ನ ಮುಖ ನೋಡಿದರು.

"ಇಲ್ಲ," ಎಂದೆ. "ಇವ್ಳಿಗೆ ಲೆಕ್ಕ ಕೈ ಕೊಡ್ತು."

ಅವಳು ನನ್ನ ಎದುರಿಗೇ ಬಗ್ಗಿ ಸಾರು ಬಿಡುತ್ತಿದ್ದಳು. ಕೈ ನಿಲ್ಲಲಿಲ್ಲ. "ಹೂಂ ಕಣಣ್ಣ," ಎಂದಳು ಆ ಹಿರಿಯನಿಗೆ. "ನಂಗೇ ಬರ್ಲಿಲ್ಲ." ನನಗೆ ಇನ್ನೊಂದು ಸೌಟು ಬಿಟ್ಟು ಪಕ್ಕದವನ ತಟ್ಟೆಗೆ ಹೋದಳು.

ನಾನು ತಟ್ಟೆ ಖಾಲಿ ಮಾಡಿದೆ. ನಿಜವನ್ನು ಆ ಆಳುಗಳಿಗೆ ಮುಂದೆಯೂ ಹೇಳಲಿಲ್ಲ. ಅವರಲ್ಲಿ ಅರ್ಧ ಜನ ಈಗ ಇಲ್ಲ.