ಊರಿನ ರೇಡಿಯೊ ಕೈಬದಲಾದ ಮೇಲೆ

ಜರ್ಮನಿಯ ಇಂಗೋಲ್‌ಸ್ಟಾಟ್‌ನಲ್ಲಿ ಬಾಡಿಗೆ ಮನೆ ಸಿಗದೆ, ರೈಲಿನಲ್ಲಿ ಮುಕ್ಕಾಲು ಗಂಟೆ ದೂರದ ಸಣ್ಣ ಊರೊಂದರಲ್ಲಿ ನೆಲೆಸಿದೆವು. ನನ್ನ ಗಂಡ ಕಾರು ಕಂಪನಿಯಲ್ಲಿ ಎಂಜಿನಿಯರ್. ಚಳಿಗಾಲದಲ್ಲಿ ಅವರು ಹೊರಡುವಾಗಲೂ ಕತ್ತಲು, ಮರಳುವಾಗಲೂ ಕತ್ತಲು. ಧಾರವಾಡದ ಕಾಲೇಜಿನಲ್ಲಿ ದಿನವಿಡೀ ಪಾಠ ಹೇಳಿ ಗಂಟಲು ಕಟ್ಟಿಸಿಕೊಳ್ಳುತ್ತಿದ್ದ ನಾನು, ಇಲ್ಲಿ ಸಂಜೆಯವರೆಗೆ ಬಾಯಿ ಬಿಡದೆ ಇದ್ದುಬಿಡುತ್ತಿದ್ದೆ. ಗಂಡ ಬಂದು ಮಾತಾಡಿಸಿದಾಗ ನನ್ನ ದನಿ ನನಗೇ ಬೇರೆಯವರದೆನಿಸುತ್ತಿತ್ತು.

ಅಡುಗೆಮನೆಯಲ್ಲಿ ಹಿಂದಿನ ಬಾಡಿಗೆಯವರು ಬಿಟ್ಟುಹೋದ ರೇಡಿಯೊ ಇತ್ತು. ಅದರಲ್ಲಿ ಚೆನ್ನಾಗಿ ಕೇಳುತ್ತಿದ್ದದ್ದು ಆ ಊರಿನದೇ ಸಣ್ಣ ನಿಲಯ. ಟಿವಿ ರಿಪೇರಿ ಅಂಗಡಿಯ ಯಜಮಾನರೊಬ್ಬರು ತಮ್ಮ ಅಂಗಡಿಯ ಮಹಡಿಯಲ್ಲೇ ಅದನ್ನು ನಡೆಸುತ್ತಿದ್ದರು. ಬೆಳಗಿನ ಹೊತ್ತು ಮಾತಾಡುತ್ತಿದ್ದವರು ವಯಸ್ಸಾದ ನಿರೂಪಕರೊಬ್ಬರು. ಒಡಕು ದನಿ, ಅವಸರವಿಲ್ಲದ ಮಾತು. ಯಾವ ರಸ್ತೆ ಅಗೆದಿದ್ದಾರೆ, ಯಾರ ಬೆಕ್ಕು ಕಾಣೆಯಾಗಿದೆ, ಯಾವ ಅಜ್ಜಿಗೆ ಇಂದು ತೊಂಬತ್ತು ತುಂಬಿತು, ಇಂಥವೇ ಅವರ ಸುದ್ದಿ. ನಡುನಡುವೆ ಒಂದೊಂದು ಹಾಡು. ರೊಟ್ಟಿ ಬಡಿಯುತ್ತ ಅವರ ವಾಕ್ಯಗಳನ್ನು ಅವರ ಹಿಂದೆಯೇ ಹೇಳಿಕೊಳ್ಳುತ್ತಿದ್ದೆ. ನನಗೆ ಜರ್ಮನ್ ಬಂದದ್ದು ಹಾಗೆ.

ಒಂದು ಶನಿವಾರ ಗಂಡ ಕೇಳಿದರು, "ಏನ್ ಹೇಳಾಕತ್ತಾನ ಅಂವಾ?"

"ಸೋಮವಾರದಿಂದ ಸೇತುವೆ ಬಂದ್ ಅಂತ್ರೀ. ಬಸ್ಸು ಸುತ್ತ ಹಾಕ್ಕೊಂಡು ಹೊಕ್ಕಾವಂತ."

"ಅಷ್ಟೆಲ್ಲಾ ತಿಳೀತದೇನು ನಿನಗ?"

"ತಿಳೀತದ," ಎಂದೆ. ಆ ದಿನವೆಲ್ಲ ಹಗುರಾಗಿದ್ದೆ.

ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ನಿರೂಪಕರು ಕೇಳುಗರಿಗೆ ಪ್ರಶ್ನೆ ಹಾಕಿದರು: ಈಗ ನಿಮ್ಮ ಒಲೆಯ ಮೇಲೆ ಏನಿದೆ? ಏನೆನ್ನಿಸಿತೋ, ಫೋನ್ ಎತ್ತಿಕೊಂಡೆ. ಬೇಳೆ ಸಾರು ಎಂದು ವಿವರಿಸಿದೆ. ಹಿಂದೆ ಚಟಪಟ ಎನ್ನುತ್ತಿರುವುದೇನೆಂದು ಅವರು ಕೇಳಿದರು. ಸಾಸಿವೆ, ಅದಕ್ಕೆ ನಾವು ಒಗ್ಗರಣೆ ಅನ್ನುತ್ತೇವೆ ಎಂದೆ. ಆ ಪದವನ್ನು ಅವರು ಮತ್ತೆ ಮತ್ತೆ ಹೇಳಲು ಹೋಗಿ ಎಡವಿ ನಕ್ಕರು. ನಾನೂ ನಕ್ಕೆ. ಮಾರನೆಯ ದಿನ ಬೇಕರಿಯಾಕೆ ಬ್ರೆಡ್ ಕಟ್ಟುತ್ತ, "ರೇಡಿಯೊದಲ್ಲಿ ಮಾತಾಡಿದವರು ನೀವಾ?" ಎಂದು ಕೇಳಿದಳು. ಆ ಊರಿನಲ್ಲಿ ನನ್ನನ್ನು ಯಾರಾದರೂ ಗುರುತಿಸಿದ್ದು ಅದೇ ಮೊದಲು. ಆಮೇಲೆ ನಾನು ಆಗಾಗ ಫೋನ್ ಮಾಡುತ್ತಿದ್ದೆ. ನನ್ನ ದನಿ ಕೇಳಿದ ಕೂಡಲೇ ಅವರು, "ಇಂದು ಒಲೆಯ ಮೇಲೇನು?" ಎನ್ನುತ್ತಿದ್ದರು.

ಅಂಗಡಿಯ ಯಜಮಾನರು ತೀರಿಕೊಂಡರು. ಅವರ ಮಕ್ಕಳು ನಿಲಯವನ್ನು ಜಿಲ್ಲೆಯ ಪತ್ರಿಕೆಯೊಂದಕ್ಕೆ ಮಾರಿದರು. ಹೊಸಬರಿಗೆ ಮಾತು ಬೇಡ, ಹಾಡು ಬೇಕಿತ್ತು. ದಿನವಿಡೀ ಹಳೆಯ ಹಾಡುಗಳೇ. ನಿರೂಪಕರು ಹಾಡಿನ ಹೆಸರು, ಹವಾಮಾನ ಹೇಳಿ ಸುಮ್ಮನಾಗುತ್ತಿದ್ದರು. ಫೋನ್ ತೆಗೆದುಕೊಳ್ಳುವುದೂ ನಿಂತಿತು. ಕೆಲವು ವರ್ಷಗಳಲ್ಲಿ ಪತ್ರಿಕೆಯವರು ಅದನ್ನು ದೊಡ್ಡ ನಗರದ ಕಂಪನಿಯೊಂದಕ್ಕೆ ದಾಟಿಸಿದರು. ಒಂದು ಸೋಮವಾರ ರೇಡಿಯೊ ಹಾಕಿದರೆ ಹರೆಯದ ದನಿಯೊಂದು ಕುಣಿದಾಡುತ್ತಿತ್ತು. ಹಳೆಯ ನಿರೂಪಕರ ಬಗ್ಗೆ ಒಂದು ಮಾತೂ ಇರಲಿಲ್ಲ. ಅಂಗಡಿಯತ್ತ ಹೋಗಿ ನೋಡಿದೆ. ಮಹಡಿಯ ಬೋರ್ಡು ತೆಗೆದಿದ್ದರು.

ಅದೇ ವಾರ ಗಂಡನ ಜೊತೆ ಕಾರಿನಲ್ಲಿ ಇಂಗೋಲ್‌ಸ್ಟಾಟ್‌ಗೆ ಹೋಗುವಾಗ ದಾರಿಯಲ್ಲಿ ನಮ್ಮ ನಿಲಯ ಮರೆಯಾಗಿ ಪಕ್ಕದ ಜಿಲ್ಲೆಯದು ಹತ್ತಿತು. ಅದೇ ಹುಡುಗ, ಅದೇ ತಮಾಷೆ. ಊರಿನ ಹೆಸರು ಮಾತ್ರ ಬೇರೆ.

ನಿರೂಪಕರ ಮನೆ ಎಲ್ಲಿ ಎಂದು ಬೇಕರಿಯಾಕೆಯನ್ನು ಕೇಳಿದೆ. ಊರಾಚೆಯ ಹಳ್ಳಿಯಲ್ಲಿ, ಒಬ್ಬರೇ ಇದ್ದಾರೆ ಎಂದಳು. ಚಕ್ಕಲಿ ಮಾಡಿಕೊಂಡು ಹೋದೆ. ಬಾಗಿಲು ತೆರೆದವರು ನಾನು ಊಹಿಸಿಕೊಂಡಿದ್ದಕ್ಕಿಂತ ಬಹಳ ಕುಳ್ಳಗಿದ್ದರು. ನಾನು ಬಾಯಿ ಬಿಟ್ಟ ಮೇಲೆಯೇ ಅವರಿಗೆ ಗುರುತು ಹತ್ತಿದ್ದು.

ಕಾಫಿ ಕೊಟ್ಟು ಎದುರಿಗೆ ಕೂತರು. ದಿನವೂ ನನ್ನ ಅಡುಗೆಮನೆ ತುಂಬುತ್ತಿದ್ದ ಮನುಷ್ಯನಿಗೆ ನನ್ನೆದುರು ಮಾತೇ ಹೊರಡಲಿಲ್ಲ. ನಾನು ಹೊಸ ಕಾರ್ಯಕ್ರಮವನ್ನು ಬಯ್ಯತೊಡಗಿದೆ. ಅವರು ಕೈ ಅಡ್ಡ ಹಿಡಿದರು.

"ನಾನು ಈಗ ರೇಡಿಯೊ ಕೇಳುವುದಿಲ್ಲ," ಎಂದರು. ಚಕ್ಕಲಿಯೊಂದನ್ನು ಮುರಿಯುತ್ತ, "ಹೆಂಡತಿ ಹೋದ ಮೇಲೆ ಮಾತು ಅಂತ ಆಡುತ್ತಿದ್ದದ್ದು ಆ ಮೈಕಿನ ಮುಂದೆ ಮಾತ್ರ. ಆ ಕಡೆಯವರ ಮುಖ ಕಾಣುತ್ತಿರಲಿಲ್ಲ, ಅದಕ್ಕೇ ಮಾತು ಬರುತ್ತಿತ್ತು. ನೀವೇ ಮಾತಾಡಿ, ಕೇಳುತ್ತೇನೆ."

ನಾನು ಮಾತಾಡಿದೆ. ಧಾರವಾಡದ ಕಾಲೇಜು, ಅಲ್ಲಿಯ ಹುಡುಗಿಯರು, ಇಲ್ಲೇ ಹುಟ್ಟಿ ಕನ್ನಡದಲ್ಲಿ ಕೇಳಿದರೂ ಜರ್ಮನ್‌ನಲ್ಲೇ ಉತ್ತರ ಕೊಡುವ ನನ್ನ ಮಗಳು, ಎಲ್ಲವನ್ನೂ. ಇಷ್ಟು ಜರ್ಮನ್ ನನ್ನೊಳಗಿದೆಯೆಂದು ನನಗೇ ತಿಳಿದಿರಲಿಲ್ಲ. ಅವರು ಕಣ್ಣು ಮುಚ್ಚಿ ಕೇಳಿ ಕೊನೆಗೆ, "ನೀವು ನಮ್ಮ ಹಳ್ಳಿಯವರ ಹಾಗೆ ಎಳೆದು ಮಾತಾಡುತ್ತೀರಿ. ಎಲ್ಲಿ ಕಲಿತಿರಿ?" ಎಂದರು.

"ನಿಮ್ಮಿಂದಲೇ," ಎಂದೆ. ಅವರು ಕಿಟಕಿಯ ಕಡೆ ತಿರುಗಿಕೊಂಡರು.

ಆಮೇಲೆ ಮೂರ್ನಾಲ್ಕು ಸಲ ಹೋಗಿರಬೇಕು. ಬೇಸಿಗೆಯಲ್ಲಿ ಅವರ ತಂಗಿ ಬಂದು ಅವರನ್ನು ಉತ್ತರದ ಯಾವುದೋ ಊರಿಗೆ ಕರೆದುಕೊಂಡು ಹೋದರು. ಹೊರಡುವ ಮುನ್ನ ಹೇಳಿಕಳಿಸಲಿಲ್ಲ. ಅದರಲ್ಲಿ ಬೇಜಾರು ಮಾಡಿಕೊಳ್ಳುವಂಥದ್ದೇನೂ ಇಲ್ಲ ಎಂದು ಗಂಡ ಹೇಳಿದರು. ಅದೂ ನಿಜವೇ. ಈಗ ಮಗಳ ಶಾಲೆಯ ಗೇಟಿನ ಹತ್ತಿರ ಇತರ ತಾಯಂದಿರ ಜೊತೆ ನಾನು ಸರಾಗವಾಗಿ ಹರಟುತ್ತೇನೆ. ಈ ಭಾಗದ ಹಳೆಯ ಮಾತು ನಿಮ್ಮ ಬಾಯಲ್ಲಿ ಕೇಳಲು ಚೆಂದ ಎಂದು ಅವರು ನಗುತ್ತಾರೆ. ಅದು ಯಾರ ಮಾತೆಂದು ಹೇಳಬೇಕೆನ್ನಿಸುತ್ತದೆ. ಅಷ್ಟರಲ್ಲಿ ಗಂಟೆ ಹೊಡೆಯುತ್ತದೆ, ಮಕ್ಕಳು ಹೊರಗೆ ಬರುತ್ತಾರೆ.